ಮೆಲ್ಲ ಮಾತಾಡು

ಅಂಥ ಮಾಡ್ಯೂಲ್ ಯಾವುದೂ ಇಲ್ಲ ಎಂದು ಲ್ಯಾಪ್‌ಟಾಪಿನ ಕಪ್ಪು ಪರದೆ ಹೇಳಿತು. ಇಲ್ಲವಾದರೆ ಹಾಕಿಕೊಳ್ಳುವ ಎಂದು ಭೋಜ ಇನ್‌ಸ್ಟಾಲ್ ಮಾಡುವ ಸಾಲನ್ನು ಟೈಪ್ ಮಾಡಿದ. ಅದು ಆಗಲೇ ಉಂಟಲ್ಲ, ಮತ್ತೆ ಯಾಕೆ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಬಂತು. ಉಂಟಾದರೆ ಸರಿ ಎಂದು ಪ್ರೋಗ್ರಾಂ ನಡೆಸಿದ. ಇಲ್ಲ ಎಂದಿತು. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದಾಗಿನಿಂದ ಇದೇ ಆಟ. ಒಂದೇ ಬಾಯಿಯಿಂದ ಉಂಟೆಂದೂ ಇಲ್ಲವೆಂದೂ ಹೇಳುವವರನ್ನು ಅವನು ತನ್ನ ನೆಂಟರಲ್ಲಿ ಬೇಕಾದಷ್ಟು ಕಂಡಿದ್ದ. ಅವರ ಮುಖ ನೋಡಿದರೆ ಯಾವುದು ನಿಜ ಎಂದು ಅಂದಾಜಾದರೂ ಸಿಗುತ್ತಿತ್ತು. ಈ ಪರದೆಗೆ ಮುಖವೇ ಇಲ್ಲ. ಹೊರಗೆ ಬಸ್ಸಿನ ಕಂಡಕ್ಟರ್ ಗಂಟಲು ಹರಿಯುವ ಹಾಗೆ ಪುತ್ತೂರು, ಪುತ್ತೂರು ಎಂದು ಕೂಗುತ್ತಿದ್ದ. ಅಷ್ಟು ಗಂಟಲನ್ನು ದೇವರು ಅವನಿಗೆ ಯಾಕೆ ಕೊಟ್ಟನೋ ಎಂದು ಭೋಜನಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಪಿಚ್ಚೆನಿಸಿತು. ಹೊಟ್ಟೆಪಾಡಿಗೆ ಕೂಗುವವನ ಮೇಲೆ ಹೊಟ್ಟೆಕಿಚ್ಚು ಪಡುವ ಮಟ್ಟಕ್ಕೆ ತಾನು ಇಳಿದೆನಲ್ಲ ಎಂದು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

ಪ್ರೋಗ್ರಾಂ, ಮಾಡ್ಯೂಲ್ ಇವೆಲ್ಲ ಅವನ ಬದುಕಿನ ಮಾತುಗಳಲ್ಲ. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಎದುರು ನಾಲ್ಕು ಮೆಟ್ಟಿಲು ಹತ್ತಿದರೆ ಸಿಗುವ ಅವನ ಅಂಗಡಿಯಲ್ಲಿ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಬಾಡಿಗೆ ಕರಾರು, ಉತ್ತರಕ್ರಿಯೆಯ ಕಾರ್ಡು ಟೈಪಾಗುತ್ತವೆ. ಊರವರ ಸುಖ ದುಃಖ ಎರಡೂ ಅವನ ಬೆರಳ ತುದಿಯಿಂದಲೇ ದಾಟಿ ಹೋಗಬೇಕು, ಮನಸ್ಸಿಗೆ ಅಂಟದೆ. ಈಗ ಯಾರೋ ಬರೆದಿಟ್ಟ ಪ್ರೋಗ್ರಾಂ ಒಂದನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡಿದ್ದ. ಒಬ್ಬರ ದನಿಯ ತುಣುಕುಗಳನ್ನು ಕೊಟ್ಟರೆ ಅದು ನಾವು ಟೈಪ್ ಮಾಡಿದ್ದನ್ನು ಆ ದನಿಯಲ್ಲೇ ಓದುತ್ತದಂತೆ. ಅದು ನಡೆಯಬೇಕಾದರೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬೇಕು, ಆ ಭಾಷೆಗೆ ಮೇಲಿಂದ ಸೇರಿಸುವ ಒಂದು ಮಾಡ್ಯೂಲ್ ಬೇಕು. ವಿಡಿಯೊದಲ್ಲಿ ತೋರಿಸಿಕೊಟ್ಟವನು ನಗುನಗುತ್ತಾ ಎರಡು ಸಾಲು ಟೈಪ್ ಮಾಡಿ ಎಲ್ಲ ಮುಗಿಸಿದ್ದ. ಭೋಜ ಅದೇ ಎರಡು ಸಾಲನ್ನು ಅಕ್ಷರ ಬಿಡದೆ ಟೈಪ್ ಮಾಡಿದ್ದ. ಮೊದಲು ಪೈಥಾನ್ ಹಳತಾಯಿತೆಂದು ಬೈಸಿಕೊಂಡ, ಹೊಸತು ಹಾಕಿದ ಮೇಲೆ ಜಾಗ ಸಾಲದೆಂದು ಬೈಸಿಕೊಂಡ, ಜಾಗ ಮಾಡಿಕೊಟ್ಟ ಮೇಲೆ ಉಂಟು-ಇಲ್ಲದ ಈ ಗೋಳು ಶುರುವಾಯಿತು. ಇಂಟರ್‌ನೆಟ್ಟಿನಲ್ಲಿ ಇಂಥ ತೊಂದರೆಗಳನ್ನು ಕೇಳುವ ಜಾಗವೊಂದರಲ್ಲಿ ತನ್ನ ಹರುಕು ಇಂಗ್ಲಿಷಿನಲ್ಲಿ ಕೇಳಿದ್ದ. ಎಲ್ಲಿಯವನೋ ಒಬ್ಬ, ಕೇಳುವ ಮೊದಲು ಸ್ವಲ್ಪ ಓದಿಕೊಂಡು ಬಾ ಎಂದು ಉತ್ತರ ಬರೆದಿದ್ದ. ಅವನು ಯಾವ ದೇಶದವನೋ, ತನ್ನ ಮಗನ ವಯಸ್ಸಿನವನಿರಬಹುದು ಎಂದುಕೊಂಡ ಭೋಜ, ಮಗನ ವಯಸ್ಸು ಎಂಬಲ್ಲಿಗೆ ಬಂದಾಗ ಯೋಚನೆಯನ್ನು ಅಲ್ಲಿಗೇ ಬಿಟ್ಟ.

ಇವತ್ತು ಮನೆಯಲ್ಲಿ ಅಗೆಲು. ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆ ಬಾಳೆಲೆ ಹಾಕಿ ಬಡಿಸುವುದು, ಕೋಳಿ ರೊಟ್ಟಿ, ಮೀನು, ಅವರವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದದ್ದು. ಬಡಿಸಿ ಆದ ಮೇಲೆ ಮನೆಯವರೊಬ್ಬರು ಹೊರಗೆ ನಿಂತು ಅವರನ್ನು ಹೆಸರು ಹಿಡಿದು ಕರೆಯಬೇಕು. ಕರೆದು, ಒಳಕೋಣೆಯ ಬಾಗಿಲು ಎಳೆದುಕೊಂಡು, ಅವರು ಉಂಡು ಏಳುವಷ್ಟು ಹೊತ್ತು ಎಲ್ಲರೂ ಸುಮ್ಮನೆ ಕಾಯಬೇಕು. ಮಗ ಶೋಧನ್ ತೀರಿಹೋದ ಮೇಲೆ ಪ್ರತಿ ಆಟಿಯಲ್ಲೂ ಕರೆದವಳು ಭೋಜನ ಹೆಂಡತಿ ಕಾಂತಿ. ಜಗಲಿಯ ತುದಿಗೆ ಬಂದು, ಸೊಂಟಕ್ಕೆ ಕೈಯಿಟ್ಟು, ಮಗ ಚಿಕ್ಕವನಿದ್ದಾಗ ಗದ್ದೆಯ ಆಟದಿಂದ ಕರೆಯುತ್ತಿದ್ದ ಹಾಗೆಯೇ, ‘ಶೋಧಾ, ಬಲಾ ಮಗಾ’ ಎಂದು ತುಳುವಿನಲ್ಲಿ ಒಂದೇ ಉಸಿರಿಗೆ ಕೂಗುತ್ತಿದ್ದಳು. ಹೊಳೆಯ ಆಚೆ ದಡಕ್ಕೆ ಕೇಳುವಂಥ ಕೂಗು. ಕಳೆದ ಚಳಿಗಾಲದಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ಅವಳ ಗಂಟಲಿನಿಂದ ಗಂಟನ್ನೂ ದನಿಯ ಪೆಟ್ಟಿಗೆಯನ್ನೂ ಒಟ್ಟಿಗೇ ತೆಗೆದರು. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಒಮ್ಮೆ ಒತ್ತಿ ನೋಡಿ, ಅದರ ಗುಂಯ್ ಶಬ್ದಕ್ಕೆ ತಾನೇ ಹೆದರಿ, ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಈಗ ಅವಳಿಗೆ ಯಾರಾದರೂ ಬೇಕಾದರೆ ಸ್ಟೀಲಿನ ಲೋಟಕ್ಕೆ ಚಮಚದಿಂದ ಬಡಿಯುತ್ತಾಳೆ. ವಾರದ ಹಿಂದೆ ಭೋಜ ಅಂಗಡಿಯಲ್ಲಿದ್ದಾಗ ಅವಳ ಮೆಸೇಜು ಬಂದಿತ್ತು. ಈ ಸಲ ಕರೆಯುವುದು ಯಾರು, ಅಷ್ಟೇ. ನಾನು ನೋಡಿಕೊಳ್ತೇನೆ ಎಂದು ಅವನು ಉತ್ತರ ಕಳಿಸಿದ್ದ. ನೋಡಿಕೊಳ್ಳುವುದೆಂದರೆ ಇದು.

“ಭೋಜಣ್ಣ, ಇದು ಸರಿಯಾಗ್ಲಿಲ್ಲ ಮಾರಾಯ್ರೇ,” ಎಂದು ರುಕ್ಮಯ್ಯ ಮೆಟ್ಟಿಲು ಹತ್ತಿ ಬಂದು ಮೇಜಿನ ಮೇಲೆ ಮದುವೆ ಕಾಗದದ ಪ್ರೂಫ್ ಇಟ್ಟರು. ಆಟಿ ಕಳೆದ ಮೇಲೆ ಅವರ ಕಿರಿಯ ಮಗನ ಮದುವೆ.

“ಎಂತ ಆಯ್ತು?”

“ಹುಡುಗಿ ಹೆಸರಿನ ಹಿಂದೆ ಸೌಭಾಗ್ಯವತಿ ಉಂಟು. ನಮ್ಮ ಹುಡುಗನಿಗೆ ಎಂತದೂ ಇಲ್ಲ, ಬರೀ ಹೆಸರು. ಅವ ಎಂತ ಬಿಟ್ಟಿ ಸಿಕ್ಕಿದವನಾ?”

ಭೋಜ ಕಣ್ಣು ಹಾಯಿಸಿದ. ಹೌದು, ಚಿರಂಜೀವಿ ಬಿಟ್ಟುಹೋಗಿತ್ತು. ಇಷ್ಟು ವರ್ಷಗಳಲ್ಲಿ ಬಿಟ್ಟುಹೋದದ್ದಿಲ್ಲ. ಗಂಡುಮಕ್ಕಳ ಹೆಸರು ಬಂತೆಂದರೆ ಕಣ್ಣು ಮುಚ್ಚಿದರೂ ಬೆರಳು ಮೊದಲು ಚಿರಂಜೀವಿಗೆ ಹೋಗುತ್ತದೆ, ಆಮೇಲೆ ಹೆಸರಿಗೆ. ಈ ವಾರವಿಡೀ ತಲೆ ಆ ಕಪ್ಪು ಪರದೆಯೊಳಗೆ ಇದ್ದದ್ದಕ್ಕೆ ಹೀಗಾಯಿತು. “ಈಗ್ಲೇ ಸರಿ ಮಾಡಿ ಕೊಡ್ತೇನೆ,” ಎಂದ. ರುಕ್ಮಯ್ಯ ಕೂತರು, ಕೂತವರು ಸುಮ್ಮನಿರದೆ, “ಕಾಂತಕ್ಕ ಹೇಗಿದ್ದಾರೆ, ಮಾತು ಬರ್ತದಾ ಈಗ?” ಎಂದು ಕೇಳಿದರು. ಬರುವುದಿಲ್ಲ ಎಂದ ಭೋಜ. “ಅಯ್ಯೋ ಪಾಪ, ಎಂಥಾ ಬಾಯಿ ಅದು! ಅವರು ಬಸ್ಸು ಹತ್ತಿದ್ರೆ ಡ್ರೈವರಿಗೆ ಹಾರನ್ನೇ ಬೇಡ,” ಎಂದು ರುಕ್ಮಯ್ಯ ನಕ್ಕರು, ನಕ್ಕ ಮೇಲೆ ಬಾಯಿ ಮುಚ್ಚಿಕೊಂಡರು. ಕೆಟ್ಟ ಮನಸ್ಸಿನ ಮಾತಲ್ಲ. ಇದೇ ಮಾತಿಗೆ ಮೊದಲಾದರೆ ಭೋಜನಿಗೆ ಕಿವಿ ಬಿಸಿಯಾಗುತ್ತಿತ್ತು. ಇವತ್ತು ಅದೇ ಮಾತನ್ನು ಅವರು ಇನ್ನೊಮ್ಮೆ ಹೇಳಲಿ ಎಂದು ಅನ್ನಿಸಿತು.

ಕಾಂತಿಯ ಬಾಯಿ ದೊಡ್ಡದು ಎಂದರೆ ಜಗಳಗಂಟಿ ಎಂದಲ್ಲ, ದನಿಯೇ ದೊಡ್ಡದು. ಅಡಿಗೆಮನೆಯಲ್ಲಿ ನಿಂತು ಒಗ್ಗರಣೆಗೆ ಕರಿಬೇವು ಎಂದರೆ ಆಚೆ ಮನೆಯವರು ಕೊಯ್ದು ತರುತ್ತಿದ್ದರು. ಮದುವೆಯಾದ ಹೊಸತರಲ್ಲಿ ಭೋಜನಿಗೆ ಅದು ತಮಾಷೆಯಾಗಿಯೇ ಕಂಡಿತ್ತು. ನಾಲ್ಕು ಜನರ ನಡುವೆ ಅದು ತಮಾಷೆ ಅಲ್ಲವೆಂದು ಅನ್ನಿಸಿದ್ದು ಯಾವಾಗ ಎಂದು ನೆನಪಿಲ್ಲ, ಆದರೆ ಮೂಡಬಿದಿರೆಯ ಆ ಮದುವೆ ಹಾಲ್ ನೆನಪಿದೆ. ದುಬಾಯಿಯಲ್ಲಿ ಹೋಟೆಲಿಟ್ಟ ದೊಡ್ಡಪ್ಪನ ಮಗನ ಮನೆಯ ಮದುವೆ, ಸೂಟು ಹಾಕಿದವರ ನಡುವೆ ಭೋಜ ಕೈಕಟ್ಟಿ ನಿಂತು ಇಂಗ್ಲಿಷಿನಲ್ಲಿ ನಗುತ್ತಿದ್ದಾಗ, ಹಾಲ್‌ನ ಆ ತುದಿಯಿಂದ, “ಇದಾ, ಕೇಳ್ತದಾ! ಐಸ್‌ಕ್ರೀಂ ಮುಗೀತಾ ಬಂತು, ಬೇಗ ಬನ್ನಿ!” ಇಡೀ ಹಾಲ್ ತಿರುಗಿತು. ಯಾರೋ ಸೂಟಿನವರು, ಹೋಗಿ ಭೋಜ, ಹೈಕಮಾಂಡ್ ಕರೀತಾ ಉಂಟು ಎಂದರು. ಅವನು ಅವಳ ಕಡೆ ಅಂಗೈ ಕೆಳಗೆ ಮಾಡಿ ಗಾಳಿಯನ್ನು ಅದುಮಿದ. ಮೆಲ್ಲ. ಬಾಯಿಬಿಟ್ಟು ಹೇಳಲೂ ಬೇಕಿರಲಿಲ್ಲ, ಆ ಕೈ ಅವಳಿಗೆ ಅಷ್ಟು ಹೊತ್ತಿಗೆ ರೂಢಿಯಾಗಿತ್ತು. ಬಸ್ಸಿನಲ್ಲಿ, ಡಾಕ್ಟರ ಕೋಣೆಯಲ್ಲಿ, ಫೋನಿನಲ್ಲಿ ಮಗಳ ಜೊತೆ ಮಾತಾಡುವಾಗ, ಎಲ್ಲಿ ನೋಡಿದರೂ ಎದುರಿಗೆ ಆ ಅದುಮುವ ಅಂಗೈ. ಮೆಲ್ಲ ಮಾತಾಡು ಮಾರಾಯ್ತಿ. ಆ ದಿನ ವಾಪಸು ಬರುವಾಗ ಸಿದ್ಧಕಟ್ಟೆ ದಾಟುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ, ‘ನೀವು ಊಟ ಬಿಟ್ಟದ್ದು ನೋಡಿ ಕರೆದದ್ದು’ ಎಂದು ಹೇಳಿದ್ದಳು, ಎಷ್ಟು ಮೆಲ್ಲಗೆಂದರೆ ಅವನು ಎರಡು ಸಲ ಎಂತ ಎಂತ ಎಂದು ಕೇಳಬೇಕಾಗಿ ಬಂತು.

ದೇವರು ಅವನ ಕೈ ನೋಡಿಯೇ ಅವಳ ದನಿಯನ್ನು ಅದುಮಿಬಿಟ್ಟನೋ ಏನೋ. ಇಂಥದ್ದನ್ನೆಲ್ಲ ನಂಬಬಾರದೆಂದು ಅವನಿಗೆ ಗೊತ್ತು. ಗೊತ್ತಿದ್ದೂ ಜೆರಾಕ್ಸ್ ಮಾಡುವಾಗ, ಸ್ನಾನದ ನೀರು ಕಾಯುವಾಗ ಅದೇ ಯೋಚನೆ. ಆಪರೇಷನ್ನಿನ ಹಿಂದಿನ ದಿನ ನರ್ಸಮ್ಮ ಹೇಳಿದ್ದರು, ಇವರ ಮಾತು ಸ್ವಲ್ಪ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಕೆಲವರು ಮಾಡ್ತಾರೆ ಎಂದು. ಭೋಜ ಫೋನ್ ತೆಗೆದೂ ಆಗಿತ್ತು. ಕಾಂತಿಯೇ, “ಬಿಡ್ತು ಅನ್ನಿ, ಸತ್ತವರ ಹಾಗೆ ಎಂತದು ಅದು? ಬಾಯಿ ಹೋದ್ರೆ ನಿಮಗೇ ನೆಮ್ಮದಿ ಅಲ್ವಾ?” ಎಂದು ನಕ್ಕಳು. ಅದು ನಗುವಿನ ಮಾತೆಂದು ಹಿಡಿದು ಅವನು ಫೋನನ್ನು ಕಿಸೆಯಲ್ಲಿಟ್ಟ. ಹಾಗಾಗಿ ಈಗ ಅವನ ಬಳಿ ಉಳಿದಿರುವ ಕಾಂತಿಯ ದನಿ ಎಂದರೆ ವಾಟ್ಸಪ್ಪಿನಲ್ಲಿ ಅವಳು ಅಂಗಡಿಗೆ ಕಳಿಸುತ್ತಿದ್ದ ಮಾತುಗಳು ಮಾತ್ರ. ಬರುವಾಗ ಬಂಗುಡೆ ಮೀನು ತನ್ನಿ, ಬೂತಾಯಿ ಬೇಡ. ಗ್ಯಾಸ್ ಮುಗೀತು. ಎಲ್ಲಿದ್ದೀರಿ, ಫೋನ್ ಯಾಕೆ ಎತ್ತುದಿಲ್ಲ. ಅವುಗಳನ್ನು ಕೂಡ ಅವನು ಅಂಗಡಿಯಲ್ಲಿ ಗಿರಾಕಿಗಳಿದ್ದಾಗ ದನಿ ಪೂರಾ ತಗ್ಗಿಸಿ, ಕಿವಿಗೆ ಒತ್ತಿಕೊಂಡು, ಅರ್ಧ ಕೇಳಿ ಬಿಡುತ್ತಿದ್ದ. ಕಳೆದ ವಾರ ಎಲ್ಲವನ್ನೂ ಒಂದೊಂದಾಗಿ ಆರಿಸಿ ಲ್ಯಾಪ್‌ಟಾಪಿಗೆ ಹಾಕುವಾಗ ಮೊದಲ ಸಲ ಕೊನೆಯವರೆಗೆ ಕೇಳಿದ. ಬಂಗುಡೆಯ ಮಾತು ಮುಗಿದ ಮೇಲೂ ಒಂದರಲ್ಲಿ ಅವಳು ಸ್ವಲ್ಪ ತಡೆದು, ಮಳೆ ಉಂಟು, ಮೆಲ್ಲ ಬನ್ನಿ ಎಂದಿದ್ದಳು.

ಲ್ಯಾಪ್‌ಟಾಪ್ ಶೋಧನ್‌ದು. ಅಂಗಡಿಯ ಕಂಪ್ಯೂಟರಿಗೆ ಈ ಕೆಲಸದ ತಾಕತ್ತಿಲ್ಲ. ಮೂಡಬಿದಿರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಕೊಡಿಸಿದ್ದು, ಅವನ ರೂಮಿನಿಂದ ಬಟ್ಟೆಯ ಜೊತೆ ವಾಪಸು ಬಂದದ್ದು. ತೆರೆದರೆ ಪರದೆಯ ಮೇಲೆ ಶೋಧನ್ ಎಂಬ ಹೆಸರು ಬರುತ್ತದೆ, ಆಮೇಲೆ ಬಾಕಿ ಎಲ್ಲ. ಆ ಹೆಸರನ್ನು ಭೋಜ ಬಾಯಿಬಿಟ್ಟು ಹೇಳದೆ ವರ್ಷಗಳಾಗಿವೆ. ಮಗಳು ತೃಷಾ ಗಮನಿಸಿದ್ದಾಳೆ, ಕಾಂತಿ ಗಮನಿಸಿದ್ದಾಳೆ, ಯಾರೂ ಕೇಳುವುದಿಲ್ಲ. ಅವನು ಕಡೆಯ ಸಲ ಮಗನ ಹೆಸರು ಹೇಳಿದ್ದು ಇದೇ ಮೇಜಿನ ಹಿಂದೆ ನಿಂತು. ಮೂರು ಪೇಪರ್ ಬಾಕಿ ಇರುವುದನ್ನು ಮುಚ್ಚಿಟ್ಟು, ಎಲ್ಲ ಪಾಸಾಯಿತೆಂದು ಹೇಳಿಕೊಂಡು ತಿರುಗಿದ್ದ ಮಗ, ಸುಳ್ಳು ಬಯಲಾದ ಮೇಲೆ, ಅಂಗಡಿ ತುಂಬ ಜನ ಇರುವ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ನಿಂತು, “ಪಪ್ಪಾ, ನಾನು ಹೇಳ್ತೇನೆ ಕೇಳಿ,” ಎಂದಾಗ, ಇಷ್ಟು ಜನರೆದುರು ಎಂತ ಹೇಳುತ್ತಾನೆ ಇವ ಎಂಬ ನಾಚಿಕೆಗೇ ಭೋಜನ ತಲೆ ಕೆಟ್ಟುಹೋಯಿತು. ಜೀವಮಾನವಿಡೀ ಮೆಲ್ಲ ಮೆಲ್ಲ ಎಂದವನ ಬಾಯಿಂದ, ರಸ್ತೆಯ ಆಚೆಗೆ ಕೇಳುವ ಹಾಗೆ ಮಾತು ಬಂತು. ಶೋಧನ್, ಇನ್ನು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ ನೀನು. ಹುಡುಗ ಎರಡನೇ ಮೆಟ್ಟಿಲಲ್ಲಿದ್ದ. ಇಳಿದ. ಆ ಭಾನುವಾರ ಗೆಳೆಯನ ಬೈಕಿನ ಹಿಂದೆ ಕೂತು ಚಾರ್ಮಾಡಿ ಘಾಟಿ ನೋಡಲು ಹೋದ. ಮಂಜು, ತಿರುವು, ಎದುರಿಗೊಂದು ಲಾರಿ. ಬೆಳ್ತಂಗಡಿಯಿಂದ ಫೋನ್ ಬಂದಾಗ ಭೋಜ ಯಾರದೋ ಗೃಹಪ್ರವೇಶದ ಕಾಗದ ಟೈಪ್ ಮಾಡುತ್ತಿದ್ದ. ಸತ್ತವರು ಕರೆದವರ ದನಿ ಗುರುತಿಸಿ ಬರುವುದಾದರೆ ತನ್ನ ದನಿಗೆ ಶೋಧನ್ ಬರುವವನಲ್ಲ. ಇದರಲ್ಲಿ ಭೋಜನಿಗೆ ಎಳ್ಳಷ್ಟೂ ಸಂಶಯವಿಲ್ಲ. ಬರಬೇಡ ಎಂದ ದನಿಯೇ ಬಾ ಎಂದರೆ ಯಾರು ನಂಬುತ್ತಾರೆ.

ಊಟದ ಹೊತ್ತು ಕಳೆದರೂ ಇಲ್ಲ ಎಂಬ ಉತ್ತರವೇ ಬರುತ್ತಿದ್ದಾಗ ಅವನು ಮನಸ್ಸು ಗಟ್ಟಿ ಮಾಡಿ ಪ್ರಾಪ್ತಿಗೆ ಫೋನ್ ಮಾಡಿದ. ಶೋಧನ್‌ನ ಕ್ಲಾಸಿನವಳು, ಈಗ ಗುರುವಾಯನಕೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಅವಳನ್ನು ಕೇಳಲು ಇಷ್ಟು ದಿನ ತಡೆದದ್ದು ಬೇರೇನಕ್ಕೂ ಅಲ್ಲ, ಉತ್ತರಕ್ರಿಯೆಯ ದಿನ ಅವಳು ಅಳುತ್ತಾ, ‘ಅಂಕಲ್, ಅವ ನಿಮ್ಮ ಹತ್ತಿರ ಹೇಳ್ಬೇಕಂತಲೇ ಇದ್ದ’ ಎಂದಿದ್ದಳು.

ಅವಳು ಎಲ್ಲ ಕೇಳಿಸಿಕೊಂಡು, ಪರದೆಯ ಫೋಟೊ ಕಳಿಸಲು ಹೇಳಿ, ನೋಡಿ, “ಅಂಕಲ್, ಇದರಲ್ಲಿ ಎರಡು ಪೈಥಾನ್ ಉಂಟು,” ಎಂದಳು.

“ಎರಡು ಹೇಗೆ? ನಾನು ಹಾಕಿದ್ದು ಒಂದೇ.”

“ನೀವು ಹಾಕಿದ್ದು ಹೊಸತು. ಮೊದಲೇ ಒಂದು ಹಳತು ಇತ್ತು, ಕಾಲೇಜಿನ ಲ್ಯಾಬ್ ಕೆಲಸಕ್ಕೆ ಹಾಕಿದ್ದು. ನಿಮ್ಮ ಮಾಡ್ಯೂಲ್ ಹೊಸತರಲ್ಲಿ ಹೋಗಿ ಕೂತಿದೆ. ಪ್ರೋಗ್ರಾಂ ನಡೆಸುವಾಗ ಮಾತ್ರ ಕಂಪ್ಯೂಟರ್ ಹಳತನ್ನೇ ಕರೀತಾ ಉಂಟು. ಅದರ ಹತ್ರ ಕೇಳಿದ್ರೆ ಅದು ಇಲ್ಲ ಅಂತದೆ, ಅದರ ಹತ್ರ ಇಲ್ಲ ಅಲ್ವಾ. ಸುಲಭ ಉಂಟು ಅಂಕಲ್. ಹಳತನ್ನು ಅನ್‌ಇನ್‌ಸ್ಟಾಲ್ ಮಾಡಿಬಿಡಿ.”

ಭೋಜ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ. ಅವಳು ಹೇಳಿದ ಜಾಗ ತೆರೆದ. ಒಂದರ ಕೆಳಗೊಂದು ಎರಡು ಹೆಸರು. ಹಳತರ ಎದುರಿನ ತಾರೀಕು ಶೋಧನ್ ಮೊದಲ ವರ್ಷದಲ್ಲಿದ್ದಾಗಿನದು. ರೂಮು ಸಿಕ್ಕಿತು, ಊಟ ಪರವಾಗಿಲ್ಲ ಎಂದು ಕಾಂತಿಗೆ ಫೋನ್ ಮಾಡುತ್ತಿದ್ದ, ಫೋನನ್ನು ಅವಳು ಪಪ್ಪನಿಗೆ ಕೊಡ್ತೇನೆ ಎಂದಾಗ ಆಮೇಲೆ ಮಾಡ್ತೇನೆ ಎನ್ನುತ್ತಿದ್ದ ದಿನಗಳು. ಅವನದೊಂದು ಬೆರಳು ಆ ದಿನ ಈ ಕೀಲಿಗಳ ಮೇಲೆ ಓಡಾಡಿ ಇದನ್ನು ಇಲ್ಲಿಟ್ಟು ಹೋಗಿದೆ. ಅನ್‌ಇನ್‌ಸ್ಟಾಲ್ ಎಂಬಲ್ಲಿಗೆ ಭೋಜ ಮೌಸಿನ ಬಾಣ ಒಯ್ದು ನಿಲ್ಲಿಸಿದ. ಒಂದು ಒತ್ತಿದರೆ ಮುಗಿಯಿತು. ಯಾರಿಗೂ ಬೇಡದ, ಏನೂ ಹೇಳದ, ತೆರೆದು ನೋಡಲು ಒಂದು ಚಿತ್ರವೂ ಇಲ್ಲದ ಸರಕು. ಇಳಿ ಎಂದರೆ ಇದೂ ಸದ್ದಿಲ್ಲದೆ ಇಳಿದುಹೋಗುತ್ತದೆ.

“ಆಯ್ತಾ ಅಂಕಲ್?”

“ಇಲ್ಲ,” ಎಂದ ಭೋಜ. ಬಾಣವನ್ನು ಅಲ್ಲಿಂದ ದೂರ ಸರಿಸಿದ. “ಅದು ಇರ್ಲಿ ಪ್ರಾಪ್ತಿ. ಅದನ್ನು ಇಟ್ಟುಕೊಂಡೇ ಆಗ್ತದಾ ನೋಡು.”

ಆ ಕಡೆ ಅವಳು ಮೂಗು ಸೇದಿದ ಶಬ್ದ ಕೇಳಿತು. “ಆಗ್ತದೆ ಅಂಕಲ್. ಸುಮ್ಮನೆ ಪೈಥಾನ್ ಅಂತ ಕರೆದ್ರೆ ಹಳತೇ ಎದ್ದು ಬರ್ತದೆ. ಹೊಸತು ಎಲ್ಲಿ ಕೂತಿದೆಯೋ ಅದರ ಪೂರ್ತಿ ವಿಳಾಸ ಹೇಳಿ ಕರೀಬೇಕು. ಉದ್ದ ಆಗ್ತದೆ, ನಾನು ಬರೆದು ಕಳಿಸ್ತೇನೆ. ಹಾಗೇ ಟೈಪ್ ಮಾಡಿ. ಹಳತು ಅದರ ಪಾಡಿಗೆ ಇರ್ತದೆ.”

ಉದ್ದದ ಸಾಲು ಬಂತು. ಅದರ ನಡುವೆ ಎಲ್ಲೋ ಶೋಧನ್ ಎಂಬ ಹೆಸರೂ ಇತ್ತು, ಲ್ಯಾಪ್‌ಟಾಪಿನ ಯಜಮಾನನ ಹೆಸರು ದಾಟಿಯೇ ಯಾವುದೇ ವಿಳಾಸಕ್ಕೂ ಹೋಗಬೇಕಲ್ಲ. ಭೋಜ ಅಕ್ಷರ ಅಕ್ಷರ ನೋಡಿಕೊಂಡು ಟೈಪ್ ಮಾಡಿದ. ಪರದೆ ಯೋಚಿಸಿತು. ಬಿಳಿ ಅಕ್ಷರಗಳು ಓಡಿದವು, ಇಲ್ಲ ಎಂಬ ಮಾತು ಬರಲಿಲ್ಲ. ಏನು ಹೇಳಿಸಲಿ ಎಂದು ಕೇಳುವ ಒಂದು ಖಾಲಿ ಜಾಗ ಬಂತು. ಅವನಿಗೆ ಥಟ್ಟನೆ ಹೊಳೆದದ್ದು ಒಂದೇ. ಇದಾ, ಕೇಳ್ತದಾ, ಊಟಕ್ಕೆ ಬನ್ನಿ.

ದನಿ ಬಂತು. ಒಂದಿಷ್ಟು ಒಣಗಿದ ಹಾಗೆ, ದೂರದ ಬಾವಿಯಿಂದ ಬಂದ ಹಾಗೆ ಇತ್ತು, ಆದರೆ ಅವಳದೇ. ಕಡೆಯ ಅಕ್ಷರವನ್ನು ಎತ್ತಿ ಬಿಡುವ ರೀತಿ ಅವಳದೇ. ಅಂಗಡಿಯ ತುಂಬ ಒಮ್ಮೆ ತುಂಬಿ ನಿಂತುಹೋಯಿತು. ಭೋಜನ ಕೈ ತಾನಾಗಿ ಮೇಜಿನಿಂದ ಎದ್ದು, ಅಂಗೈ ಕೆಳಗಾಗಿ, ಗಾಳಿಯನ್ನು ಅದುಮಿತು. ಅದುಮಿದ ಮೇಲೆಯೇ ಅವನಿಗೆ ತಾನೇನು ಮಾಡಿದೆನೆಂದು ಗೊತ್ತಾದದ್ದು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತ.

ಪಕ್ಕದ ಚಪ್ಪಲಿ ಅಂಗಡಿಯ ಇಬ್ರಾಹಿಂ ಖಲೀಲ್ ಬಾಗಿಲಲ್ಲಿ ಇಣುಕಿದ. “ಕಾಂತಕ್ಕ ಬಂದಿದ್ದಾರಾ ಭೋಜಣ್ಣ? ಎಷ್ಟು ದಿನ ಆಯ್ತು ಅವರ ಸ್ವರ ಕೇಳದೆ,” ಎಂದವನು, ಅಂಗಡಿಯಲ್ಲಿ ಯಾರೂ ಇಲ್ಲದ್ದನ್ನೂ ಭೋಜನ ಮುಖವನ್ನೂ ನೋಡಿ ಅಲ್ಲಿಯೇ ನಿಂತ. ಭೋಜ ಲ್ಯಾಪ್‌ಟಾಪ್ ತೋರಿಸಿದ. ಅಗೆಲಿನ ವಿಷಯ ಹೇಳಿದ. ಖಲೀಲ್ ಒಳಬಂದು ಸ್ಟೂಲಿನಲ್ಲಿ ಕೂತ.

“ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನೀವೇ ಕರೆದ್ರೆ ಆಗುದಿಲ್ವಾ? ಮನೆ ಯಜಮಾನ ಅಲ್ವಾ ನೀವು?”

“ನಾನು ಕರೆದ್ರೆ ಅವ ಬರ್ಲಿಕ್ಕಿಲ್ಲ.”

ಆ ದಿನ ಜನರ ನಡುವೆ ಖಲೀಲ್ ಕೂಡ ಇದ್ದ. ಅದು ಇಬ್ಬರಿಗೂ ನೆನಪಿತ್ತು. “ಮಗ ಅಲ್ವಾ ಮಾರಾಯ್ರೇ,” ಎಂದಷ್ಟೇ ಹೇಳಿ ಅವನು ಎದ್ದುಹೋದ.

ಹೊತ್ತು ಇಳಿಯುತ್ತಿತ್ತು. ಭೋಜ ಅವಸರದಿಂದ ಕರೆಯುವ ಮಾತನ್ನು ಟೈಪ್ ಮಾಡಿ, ದನಿ ತಯಾರಾದದ್ದನ್ನು ಕೇಳುವಷ್ಟೂ ತಾಳ್ಮೆಯಿಲ್ಲದೆ ಸೇವ್ ಮಾಡಿ, ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಶಟರ್ ಎಳೆದ. ಐಸ್‌ಕ್ರೀಂ ಅಂಗಡಿಗೆ ಹೋಗಿ ಒಂದು ಗಡ್‌ಬಡ್ ಕಟ್ಟಿಸಿಕೊಂಡ. ಶೋಧನ್‌ಗೆ ಅದೆಂದರೆ ಜೀವ. ಮೇಲಿನ ಚೆರಿಯನ್ನು ತೆಗೆದಿಟ್ಟು ಕಡೆಗೆ ತಿನ್ನುತ್ತಿದ್ದ. ಆಟೊದಲ್ಲಿ ಬಂಟ್ವಾಳದ ಕಡೆಗೆ ಹೋಗುವಾಗ ತೊಡೆಯ ಮೇಲೆ ಒಂದು ಕಡೆ ಬಿಸಿ ಲ್ಯಾಪ್‌ಟಾಪ್, ಇನ್ನೊಂದು ಕಡೆ ತಣ್ಣಗಿನ ಡಬ್ಬಿ. ಏನೋ ಒಂದು ದೊಡ್ಡ ಕೆಲಸ ಮುಗಿಸಿ ಬರುವವನ ಹಾಗೆ, ಕಾಂತಿಯ ಮುಖ ಹೇಗಾಗಬಹುದು ಎಂದು ಊಹಿಸಿಕೊಂಡು ಅವನಿಗೆ ಸ್ವಲ್ಪ ಸಂತೋಷ ಕೂಡ ಆಗಿತ್ತು. ಆಮೇಲೆ ಅವನಿಗೆ ಹೆಚ್ಚು ನೋವು ಕೊಟ್ಟದ್ದು ಈ ಸಂತೋಷವೇ.

ಮನೆಯಲ್ಲಿ ಎಲ್ಲ ತಯಾರಾಗಿತ್ತು. ಒಳಕೋಣೆಯಲ್ಲಿ ಎಲೆಗಳು, ಹಿರಿಯರಿಗೆ ಸಾಲಾಗಿ, ಶೋಧನ್‌ದು ಕೊನೆಗೆ ಕಿಟಕಿಯ ಪಕ್ಕ. ಕಾಂತಿ ಉಸಿರಾಡಲೆಂದು ಆಪರೇಷನ್ನಿನಲ್ಲಿ ಕುತ್ತಿಗೆಗೆ ಮಾಡಿದ್ದ ತೂತಿಗೆ ಒಗೆದ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಸೆರಗು ಹೊದ್ದಿದ್ದಳು. ಕೋಳಿಯ ಸಾರಿನ ಉಪ್ಪನ್ನು ತೃಷಾ ನೋಡಿ ಹೇಳಿದ್ದಳಂತೆ. ದೊಡ್ಡ ಬಾಯಿಯ ಕಾಂತಿಗೆ ಈಗ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನೂ ಕೈಸನ್ನೆಯಲ್ಲೇ ಕೇಳಬೇಕು. ಭೋಜ ಗಡ್‌ಬಡ್ಡಿನ ಡಬ್ಬಿ ತೆರೆದು ಎಲೆಯ ಪಕ್ಕ ಇಟ್ಟ. ಆಗಲೇ ಅದು ಅಂಚಿನಲ್ಲಿ ಕರಗಿತ್ತು. ಮೂವರೂ ಜಗಲಿಗೆ ಬಂದರು. ಕಾಂತಿ ಅವನ ಮುಖ ನೋಡಿದಳು. ಅವನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಜಗಲಿಯ ಕಟ್ಟೆಯ ಮೇಲಿಟ್ಟ.

“ಎಂತ ಪಪ್ಪಾ ಇದು?” ಎಂದಳು ತೃಷಾ.

“ನಿನ್ನಮ್ಮನೇ ಕರೀತಾಳೆ. ಕೇಳು,” ಎಂದು ಅವನು ಬೆರಳು ಒತ್ತಿದ.

ಕಾಂತಿಯ ದನಿ ಜಗಲಿಯಿಂದ ಎದ್ದಿತು. “ಚಿರಂಜೀವಿ ಶೋಧನ್, ನಮ್ಮ ಮನೆಯ ಊಟಕ್ಕೆ ತಾವು ಆಗಮಿಸಬೇಕಾಗಿ ಕೋರುತ್ತೇವೆ.”

ಭೋಜನಿಗೆ ಮೊದಲು ಅರ್ಥವೇ ಆಗಲಿಲ್ಲ. ಇದನ್ನು ಯಾರು ಬರೆದರು ಎಂಬಂತೆ ಪರದೆ ನೋಡಿದ. ಅವನದೇ ಬೆರಳು ಬರೆದದ್ದು. ಅವಸರದಲ್ಲಿ, ಮನಸ್ಸು ಎಲ್ಲೋ ಇದ್ದಾಗ, ಇಷ್ಟು ವರ್ಷ ಊರಿನ ಗಂಡುಮಕ್ಕಳಿಗೆಲ್ಲ ಬರೆದ ಹಾಗೆಯೇ ಮೊದಲು ಚಿರಂಜೀವಿ, ಆಮೇಲೆ ಹೆಸರು. ಬೆಳಿಗ್ಗೆ ರುಕ್ಮಯ್ಯನ ಮಗನಿಗೆ ಬಿಟ್ಟುಹೋದದ್ದು ಇಲ್ಲಿ ಬಂದು ಕೂತಿತ್ತು. ಮಗನನ್ನು ಅವನು ಗಿರಾಕಿಯ ಹಾಗೆ, ಅಚ್ಚಾದ ಕಾಗದದ ಭಾಷೆಯಲ್ಲಿ, ಹೆಂಡತಿಯ ದನಿ ಎರವಲು ಪಡೆದು ಕರೆದಿದ್ದ. ತೃಷಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಕಾಂತಿ ಅಲುಗಾಡದೆ ನಿಂತಿದ್ದಳು. ತನ್ನ ದನಿಯನ್ನು ಅವಳು ಆಪರೇಷನ್ನಿನ ನಂತರ ಕೇಳಿದ್ದು ಇದೇ ಮೊದಲು. ಅವಳ ಕೈ ಕುತ್ತಿಗೆಯ ಬಟ್ಟೆಗೆ ಹೋಗಿ ಅಲ್ಲಿ ನಿಂತಿತು. ಕಣ್ಣು ತುಂಬಿತು, ತುಟಿ ಎರಡು ಸಲ ಶೋಧಾ, ಶೋಧಾ ಎಂದಿತು, ತೂತಿನಿಂದ ಬರೀ ಗಾಳಿ ಬಂತು. ಆಮೇಲೆ ಅವಳು ಮುಂದೆ ಬಂದು, ಮಗುವಿನ ಮುಖಕ್ಕೆ ಹೊದಿಕೆ ಎಳೆದ ಹಾಗೆ ಮೆತ್ತಗೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಅದರ ಮೇಲೆ ಒಮ್ಮೆ ಕೈಯಾಡಿಸಿದಳು. ಭೋಜನ ಎದೆಗೆ ಬೆರಳು ತಾಗಿಸಿದಳು. ನೀವು.

“ನನ್ನಿಂದ ಆಗುದಿಲ್ಲ ಕಾಂತಿ.”

ಅವಳು ಬೆರಳು ತೆಗೆಯಲಿಲ್ಲ.

“ನಾನು ಅವನಿಗೆ ಎಂತ ಹೇಳಿ ಕಳಿಸಿದ್ದೇನೆ ಅಂತ ನಿನಗೆ ಗೊತ್ತುಂಟಲ್ಲ. ನಾನು ಕರೆದ್ರೆ ಅವ ತಿರುಗಿ ಹೋಗ್ತಾನೆ. ಹಸಿದು ಹೋಗ್ತಾನೆ.”

ಅವಳಿಗೆ ಗೊತ್ತಿತ್ತು. ಅಂಗಡಿಯಲ್ಲಿ ನಡೆದದ್ದು ಆ ದಿನವೇ ಯಾರೋ ಬಂದು ಹೇಳಿದ್ದರು. ಅವಳು ಅದನ್ನು ಒಂದು ಸಲವೂ ಎತ್ತಿರಲಿಲ್ಲ, ಅಷ್ಟು ದೊಡ್ಡ ಬಾಯಿಯಿದ್ದೂ. ಅವಳು ಅವನ ಭುಜ ಹಿಡಿದು ರಸ್ತೆಯ ಕಡೆಗೆ, ಜಗಲಿಯ ಮೆಟ್ಟಿಲ ಕಡೆಗೆ ತಿರುಗಿಸಿ ನಿಲ್ಲಿಸಿದಳು. ತಾನು ಪ್ರತಿ ವರ್ಷ ನಿಲ್ಲುತ್ತಿದ್ದ ಜಾಗದಲ್ಲಿ. ಒಳಕೋಣೆಯಲ್ಲಿ ಗಡ್‌ಬಡ್ ಕರಗುತ್ತಿತ್ತು.

ಭೋಜ ಬಾಯಿ ತೆರೆದ. “ಶೋಧಾ,” ಎಂದ. ವರ್ಷಗಳಿಂದ ಹೇಳದ ಹೆಸರು ಗಂಟಲಿನಲ್ಲಿ ತಡವರಿಸಿ ಹೊರಬಂತು. ಪಕ್ಕದಲ್ಲಿದ್ದ ತೃಷಾಗೂ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಆಯಿತೆಂಬಂತೆ ಅವನು ಕಾಂತಿಯ ಕಡೆ ತಿರುಗಿದ. ಅವಳು ಅವನ ಎದುರಿಗೆ ಕೈ ಚಾಚಿದ್ದಳು, ಅಂಗೈ ಮೇಲಕ್ಕೆ. ಅದನ್ನು ನಿಧಾನಕ್ಕೆ ಎತ್ತಿದಳು. ಇನ್ನೂ ದೊಡ್ಡದಾಗಿ.

“ಶೋಧಾ, ಬಲಾ ಮಗಾ.”

ಅಂಗೈ ಇನ್ನೂ ಮೇಲೆ ಹೋಯಿತು. ಎದುರು ಮನೆಯ ಗೇಟಿನಲ್ಲಿ ಯಾರೋ ನಿಂತು ಈ ಕಡೆ ನೋಡುತ್ತಿದ್ದರು. ರಸ್ತೆಯಲ್ಲಿ ಸ್ಕೂಟರ್ ಒಂದು ನಿಧಾನವಾಯಿತು. ನಾಲ್ಕು ಜನ ನೋಡುತ್ತಾರೆಂಬ ಹಳೆಯ ಬಿಸಿ ಭೋಜನ ಕಿವಿಗೆ ಏರಿತು, ಏರಿ ಅಲ್ಲಿಯೇ ನಿಂತಿತು. ಅವನು ಕಣ್ಣು ಮುಚ್ಚಿ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟು ಮಾಡಿ, ಬಿ.ಸಿ.ರೋಡಿನ ಕಂಡಕ್ಟರ್ ಕೂಡ ತಿರುಗಿ ನೋಡುವ ಹಾಗೆ ಕೂಗಿದ.

“ಶೋಧಾ! ಬಲಾ ಮಗಾ! ಮೆಟ್ಟಿಲು ಹತ್ತಿ ಬಾ ಮಗಾ, ಮೆಟ್ಟಿಲು ಹತ್ತು!”

ಕೂಗು ಹೊಳೆಯ ಕಡೆಗೆ ಹೋಗಿ ಕರಗಿತು. ಹಿಂದಿನಿಂದ ತೃಷಾಳ ಅಳು ಕೇಳಿತು. ಭೋಜ ಕಣ್ಣು ಬಿಟ್ಟು ನೋಡಿದ. ಕಾಂತಿಯ ಅಂಗೈ ಇನ್ನೂ ಕೆಳಗೆ ಇಳಿದಿರಲಿಲ್ಲ.